ಖರಾಬು ಎಂದು ಬರೆದ ನೆಲ: ಊರಿನ ಖಾಲಿ ಜಾಗಗಳಿಂದ ವಾಸ್ತುಶಿಲ್ಪಿ ಏನು ಕಲಿಯಬಹುದು?

ಸಂಕ್ರಾಂತಿಗೆ ಮುಂಚಿನ ದಿನಗಳಲ್ಲಿ ಅರಸೀಕೆರೆಯಿಂದ ಬಾಣಾವರ, ಜಾವಗಲ್ ದಾಟಿ ಹಳೇಬೀಡಿನ ಕಡೆ ಹೊರಟರೆ ರಸ್ತೆಯ ಅರ್ಧ ಪಾಲು ರಾಗಿಯದಾಗಿರುತ್ತದೆ. ತೆನೆ ಸಮೇತ ಹುಲ್ಲನ್ನು ಡಾಂಬರಿನ ಮೇಲೆ ಹರಡಿ, ಎರಡು ತುದಿಗೂ ದಪ್ಪ ಕಲ್ಲಿಟ್ಟು, ಬಸ್ಸು ಲಾರಿ ಹಾಯಲೆಂದು ಮನೆಮಂದಿ ಬದಿಯಲ್ಲಿ ಕಾಯುತ್ತಿರುತ್ತಾರೆ. ಚಕ್ರದಡಿ ಕಾಳು ಉದುರುತ್ತದೆ. ಬೈಕಿನವರು ಜಾರಿ ಬೀಳುವುದೂ ಉಂಟು. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂದು ಅಧಿಕಾರಿಗಳು ವರ್ಷವರ್ಷವೂ ಹೇಳುತ್ತಾರೆ, ವರ್ಷವರ್ಷವೂ ರಾಗಿ ರಸ್ತೆಗೆ ಬರುತ್ತದೆ.

ಹಿಂದೆ ಈ ಕೆಲಸಕ್ಕೆ ಊರಂಚಿನಲ್ಲಿ ಕಣ ಇರುತ್ತಿತ್ತು. ಸುಗ್ಗಿ ಹತ್ತಿರ ಬಂದಾಗ ಒಂದು ತುಂಡು ನೆಲವನ್ನು ಕೆತ್ತಿ, ನೀರು ಚಿಮುಕಿಸಿ ತುಳಿದು ಗಟ್ಟಿ ಮಾಡಿ, ಸಗಣಿ ಬಗ್ಗಡ ಸಾರಿಸುತ್ತಿದ್ದರು. ನಡುವೆ ಮೇಟಿ ಕಂಬ, ಸುತ್ತ ಎತ್ತು ಎಳೆಯುವ ರೋಣಗಲ್ಲು. ತೂರಿ, ರಾಶಿ ಮಾಡಿ, ಪೂಜೆ ಮುಗಿಸಿ ಕಾಳು ಮನೆಗೆ ಹೋದ ಮೇಲೆ ಅಲ್ಲಿ ಹುಡುಗರು ಆಡುತ್ತಿದ್ದರು, ಬೇಸಿಗೆಯ ರಾತ್ರಿ ಬಯಲಾಟಕ್ಕೆ ಅದೇ ರಂಗವಾಗುತ್ತಿತ್ತು, ಮಳೆ ಬಿದ್ದೊಡನೆ ಹುಲ್ಲು ಚಿಗುರಿ ಕರುಗಳು ಮೇಯುತ್ತಿದ್ದವು. ಆ ಜಾಗಕ್ಕೆ ನಕ್ಷೆ ಇರಲಿಲ್ಲ, ಗೋಡೆ ಇರಲಿಲ್ಲ, ಒಂದೇ ಹೆಸರೂ ಇರಲಿಲ್ಲ. ಮುಂದೆ ಅಲ್ಲಿ ನಿವೇಶನಗಳು ಎದ್ದವು, ಸಮುದಾಯ ಭವನ ಬಂತು, ಸುತ್ತ ಬೇಲಿ ಬಂತು. ಒಕ್ಕಣೆ ಮಾತ್ರ ನಿಲ್ಲಲಿಲ್ಲ, ರಸ್ತೆಗೆ ಇಳಿಯಿತು.

ಊರಿನ ಖಾಲಿ ಜಾಗ ಎಂಬುದು ನಿಜಕ್ಕೂ ಖಾಲಿಯೆ? ಅದನ್ನು ತುಂಬಬೇಕೆ, ಕಾಯಬೇಕೆ, ಸುಮ್ಮನೆ ಬಿಡಬೇಕೆ? ನೂರು ವರ್ಷಕ್ಕೂ ಮಿಕ್ಕಿ ನಡೆದಿರುವ ಈ ಚರ್ಚೆ ಬರ್ಲಿನ್, ಬಾರ್ಸಿಲೋನಾ, ಬೆಂಗಳೂರುಗಳಲ್ಲಿ ಬೇರೆ ಬೇರೆ ರೂಪ ತಾಳಿದೆ. ಅದರ ಮುಖ್ಯ ವಾದಗಳನ್ನೆಲ್ಲ ಒರೆಗೆ ಹಚ್ಚಿ ನೋಡಲು ಅರಸೀಕೆರೆ, ಹಳೇಬೀಡು, ಬೇಲೂರುಗಳ ಈ ಸಾಲು ಹೇಳಿ ಮಾಡಿಸಿದಂತಿದೆ. ಒಂದು ರೈಲ್ವೆ ಜಂಕ್ಷನ್ನಿನ ಊರು, ಇನ್ನೊಂದು ಪಾಳುಬಿದ್ದ ರಾಜಧಾನಿ, ಮತ್ತೊಂದು ಒಂಬೈನೂರು ವರ್ಷದಿಂದ ಪೂಜೆ ನಿಲ್ಲದ ಗುಡಿಯ ಊರು.

ಮಾತಿನಲ್ಲೇ ಇದ್ದ ನಕ್ಷೆ

ಚರ್ಚೆಗೆ ಇಳಿಯುವ ಮುನ್ನ ನಮ್ಮ ಮಾತಿನ ಉಗ್ರಾಣವನ್ನು ಒಮ್ಮೆ ನೋಡಬೇಕು. ಕಟ್ಟದ ನೆಲಕ್ಕೆ ಕನ್ನಡದಲ್ಲಿರುವ ಹೆಸರುಗಳು ಒಂದೆರಡಲ್ಲ: ಬಯಲು, ಬೀಳು, ಪಾಳು, ಕಣ, ಗೋಮಾಳ, ಗುಂಡುತೋಪು, ಸಂತೆಮಾಳ, ತೇರುಬೀದಿ, ಕೆರೆಯಂಗಳ, ಹಿತ್ತಲು. ಬೀಳು ಎಂದರೆ ಉಳದೆ ಬಿಟ್ಟ ಹೊಲ, ಇನ್ನೊಂದು ವರ್ಷ ಉಳಬಹುದು. ಪಾಳು ಎಂದರೆ ಒಮ್ಮೆ ಬಾಳಿದ್ದು, ಈಗ ಬಿಟ್ಟುಹೋದದ್ದು. ಕೆರೆಯಂಗಳ ಮಳೆಗಾಲದಲ್ಲಿ ನೀರಿನದು, ಬೇಸಿಗೆಯಲ್ಲಿ ದನಕರುಗಳದು. ಒಂದೊಂದು ಹೆಸರಿನಲ್ಲೂ ಆ ನೆಲವನ್ನು ಯಾರು, ಯಾವಾಗ, ಯಾತಕ್ಕೆ ಬಳಸುತ್ತಾರೆ ಎಂಬ ತಿಳಿವಳಿಕೆ ಅಡಗಿದೆ.

ಕಂದಾಯ ದಫ್ತರ ಇವುಗಳಲ್ಲಿ ಬಹಳಷ್ಟನ್ನು ಒಂದೇ ಪದಕ್ಕೆ ಇಳಿಸಿತು: ಖರಾಬು. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಸಾಗುವಳಿಗೆ ಬಾರದ ನೆಲ, ಹಿಡುವಳಿದಾರನ ಕಣ, ಕೊಟ್ಟಿಗೆಯಂತಹ ಜಾಗ ‘ಎ’ ಖರಾಬು. ದಾರಿ, ಕೆರೆ, ಹಳ್ಳ, ಸ್ಮಶಾನದಂತೆ ಸಾರ್ವಜನಿಕರಿಗಾಗಿ ಬಿಟ್ಟದ್ದು ‘ಬಿ’ ಖರಾಬು. ಕಂದಾಯ ಹುಟ್ಟದ ನೆಲ ಎಂಬುದಷ್ಟೇ ಇದರ ಅರ್ಥ. ಆದರೆ ಮಾತು ಮನಸ್ಸನ್ನು ತಿದ್ದುತ್ತದೆ. ಪಹಣಿಯಲ್ಲಿ ಖರಾಬು ಎಂದು ಓದಿದವನಿಗೆ ಅದು ಕೆಟ್ಟ ನೆಲ, ಕೆಲಸಕ್ಕೆ ಬಾರದ ನೆಲ ಎಂದೇ ತೋರುತ್ತದೆ. ಒಕ್ಕಣೆಯ ಕಣವೂ ಕಲ್ಲುಬಂಡೆಯೂ ಅಲ್ಲಿ ಒಂದೇ ಸಾಲಿನಲ್ಲಿ ಕೂರುತ್ತವೆ.

ದಫ್ತರದ ಇನ್ನೊಂದು ಪದವೂ ಇಲ್ಲಿ ನೆನಪಾಗುತ್ತದೆ: ಬೇಚರಾಕ್ ಗ್ರಾಮ. ದೀಪವಿಲ್ಲದ ಊರು ಎಂಬ ಅರ್ಥದ ಪಾರಸಿ ಮೂಲದ ಮಾತಿದು. ಜನ ಬಿಟ್ಟುಹೋದರೂ ಇಂತಹ ಊರಿಗೆ ಸರ್ವೆ ನಂಬರುಗಳಿರುತ್ತವೆ, ಹಾಳು ಗುಡಿಯಿರುತ್ತದೆ, ವರ್ಷಕ್ಕೊಮ್ಮೆ ಹಣ್ಣುಕಾಯಿ ಮಾಡಿಸಲು ಬರುವ ಒಕ್ಕಲೂ ಇರುತ್ತದೆ. ದಾಖಲೆಯಲ್ಲಿ ದೀಪ ಆರಿದ್ದರೂ ಜನರ ಮನಸ್ಸಿನಲ್ಲಿ ಆ ಊರು ಇನ್ನೂ ಊರೇ.

ಪ್ರಶ್ನೆ ನಡೆದುಬಂದ ದಾರಿ

ಆಧುನಿಕ ನಗರ ಯೋಜನೆ ನಮ್ಮಲ್ಲಿಗೆ ಬಂದದ್ದು ರೋಗದ ಭಯದೊಡನೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಒತ್ತೊತ್ತಾಗಿದ್ದ ಪೇಟೆಯಿಂದ ಜನರನ್ನು ಹೊರಗೆ ಸಾಗಿಸಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದವು. ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಓಣಿ, ನಡುವೆ ಉದ್ಯಾನ. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂತು. ತೆರೆದ ಜಾಗವೆಂದರೆ ಗಾಳಿ, ಬೆಳಕು, ಆರೋಗ್ಯ ಎಂಬ ನಂಬಿಕೆ ಗಟ್ಟಿಯಾದದ್ದು ಆಗ. ಒಳ್ಳೆಯ ನಂಬಿಕೆಯೇ. ಆದರೆ ಅದರ ಬೆನ್ನಲ್ಲೇ ಗೆರೆ ಎಳೆದು ಹೆಸರಿಟ್ಟ ಜಾಗವಷ್ಟೇ ಒಳ್ಳೆಯ ಜಾಗ, ಉಳಿದದ್ದೆಲ್ಲ ಅವ್ಯವಸ್ಥೆ ಎಂಬ ತೀರ್ಮಾನವೂ ಬಂತು.

1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ಬೇರೆ ಮಾತು ಹೇಳಿದರು. ಹಳೆಯ ಕೇರಿಗಳನ್ನು ಕೆಡವಿ ಅಗಲ ರಸ್ತೆ ಹಾಯಿಸುವ ಬದಲು ಅಲ್ಲಿ ಈಗಾಗಲೇ ಇರುವ ಪಾಳು ಮನೆಯ ಜಾಗ, ಮರದಡಿ, ಓಣಿಯ ತಿರುವುಗಳನ್ನು ಗುರುತಿಸಿ ಅವನ್ನೇ ತುಸು ಹಿಗ್ಗಿಸಿ, ನೆರಳಿನ ಗಿಡ ನೆಟ್ಟು, ಜನರ ಅಂಗಳವಾಗಿಸಿ ಎಂಬುದು ಅವರ ವಾದ. ಈ ಕ್ರಮವನ್ನು ಅವರು ಉಳಿಸಿಕೊಂಡು ಮಾಡುವ ಶಸ್ತ್ರಚಿಕಿತ್ಸೆ ಎಂದು ಕರೆದರು. ಮೊದಲು ಊರನ್ನು ಕಾಲ್ನಡಿಗೆಯಲ್ಲಿ ಓದಿ, ಆಮೇಲೆ ಪೆನ್ಸಿಲ್ ಹಿಡಿಯಿರಿ ಎಂಬ ಅವರ ಪಾಠ ಹಳತಾಗಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಆಲ್ಡೊ ವಾನ್ ಐಕ್ ಎಂಬ ಯುವ ವಾಸ್ತುಶಿಲ್ಪಿ ಮನೆಗಳ ನಡುವಿನ ಬರಿದಾದ ಸಂದುಗಳಲ್ಲಿ ಮರಳಿನ ಗುಂಡಿ, ಹತ್ತಿ ಇಳಿಯುವ ಕಂಬಿ, ಕುಪ್ಪಳಿಸುವ ಕಲ್ಲುಗಳನ್ನಿಟ್ಟು ಮಕ್ಕಳ ಆಟದ ಜಾಗ ಮಾಡಿದರು. 1947ರಿಂದ 1978ರವರೆಗೆ ಅಂತಹ 700ಕ್ಕೂ ಹೆಚ್ಚು ಜಾಗಗಳು ಎದ್ದವು. ಪ್ರಶ್ನೆಗೆ ಸಿದ್ಧಾಂತದ ರೂಪ ಕೊಟ್ಟದ್ದು ಬಾರ್ಸಿಲೋನಾದ ವಾಸ್ತುಶಿಲ್ಪಿ ಇಗ್ನಾಸಿ ದೆ ಸೊಲಾ-ಮೊರಾಲೆಸ್. 1995ರ ಒಂದು ಪ್ರಬಂಧದಲ್ಲಿ ಅವರು ಕೈಬಿಟ್ಟ ಕಾರ್ಖಾನೆ, ರೈಲು ಯಾರ್ಡ್, ಬಂದರಿನ ಅಂಚುಗಳನ್ನು ‘ತೆರೇನ್ ವಾಗ್’ ಎಂಬ ಫ್ರೆಂಚ್ ಹೆಸರಿನಿಂದ ಕರೆದರು. ಆ ಹೆಸರಿನ ಎರಡನೇ ಪದದಲ್ಲಿ ಬರಿದು, ಅಸ್ಪಷ್ಟ, ಅಲೆ ಎಂಬ ಮೂರು ಅರ್ಥಗಳ ನೆರಳಿದೆ. ಶರಣರ ಕಾಲದಿಂದಲೂ ‘ಬಯಲು’ ಎಂಬ ಮಾತಿಗೆ ಬರಿದು ಮತ್ತು ತುಂಬಿದ್ದು ಎಂಬ ಎರಡೂ ಅರ್ಥ ಹೊರಿಸಿ ಬಳಸಿದ ಕನ್ನಡಿಗರಿಗೆ ಇದು ತೀರ ಹೊಸ ಮಾತೆನಿಸದು.

ಮೊದಲ ನೋಟ: ಖಾಲಿ ಎಂದರೆ ಕೊರತೆ

ಇಂದು ಆಡಳಿತದಲ್ಲೂ ಮಾರುಕಟ್ಟೆಯಲ್ಲೂ ಹೆಚ್ಚು ಬಲವಿರುವುದು ಈ ನೋಟಕ್ಕೇ. ಬಳಕೆಯಿಲ್ಲದ ನೆಲ ಎಂದರೆ ಕೈಬಿಟ್ಟ ಆದಾಯ ಎಂಬುದು ಅದರ ಸಾರ. ರೈಲ್ವೆಯ ಖಾಲಿ ನೆಲವನ್ನು ವಾಣಿಜ್ಯಕ್ಕೆ ಬಳಸಲೆಂದೇ 2005ರ ಕಾಯ್ದೆ ತಿದ್ದುಪಡಿಯ ಮೂಲಕ ಭೂ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಬೆಂಗಳೂರು, ಹುಬ್ಬಳ್ಳಿ, ಹಾಸನದ ದಾರಿಗಳು ಕೂಡುವ ಅರಸೀಕೆರೆಯಂತಹ ಜಂಕ್ಷನ್ನಿನಲ್ಲಿ ಹಳಿಗಳು ಕವಲೊಡೆಯುವ ಸಂದು, ಗೂಡ್ಸ್ ಶೆಡ್ಡಿನ ಹಿಂಬದಿ, ನೌಕರರ ವಸತಿಯ ಸುತ್ತಲ ಬಯಲು ಇವೆಲ್ಲ ಈ ಕಣ್ಣಿಗೆ ಮುಂದಿನ ಮಳಿಗೆಗಳೇ.

ಭದ್ರತೆಯ ವಾದವೂ ಇದೇ ನೋಟದ ಜತೆಗಿದೆ. ಒಡೆದ ಕಿಟಕಿಯನ್ನು ಹಾಗೇ ಬಿಟ್ಟರೆ ಇಡೀ ಕೇರಿ ಕೆಡುತ್ತದೆ ಎಂದು ಅಮೆರಿಕದ ವಿಲ್ಸನ್ ಮತ್ತು ಕೆಲ್ಲಿಂಗ್ 1982ರಲ್ಲಿ ಬರೆದರು. 1961ರಷ್ಟು ಹಿಂದೆಯೇ ನಗರಗಳ ಕುರಿತು ಬರೆದ ಲೇಖಕಿ ಜೇನ್ ಜೇಕಬ್ಸ್, ರೈಲು ಹಳಿ ಮತ್ತು ದೊಡ್ಡ ಖಾಲಿ ಆವರಣಗಳ ಅಂಚಿನಲ್ಲಿ ಬೀದಿಯ ಜೀವಕಳೆ ಬತ್ತುವುದನ್ನು ತೋರಿಸಿದ್ದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ದೀಪವಿಲ್ಲದ ಖಾಲಿ ಸೈಟಿನ ಬದಿಯಲ್ಲಿ ರಾತ್ರಿ ಪಾಳಿ ಮುಗಿಸಿ ನಡೆದುಬರುವ ಹೆಣ್ಣುಮಗಳ ಭಯ ಕಲ್ಪನೆಯದಲ್ಲ. ಕಸ ಸುರಿದು ಸೊಳ್ಳೆ ಹುಟ್ಟುವ ಗುಂಡಿ ಯಾರಿಗೂ ಬೇಡ.

ಈ ನೋಟ ಕಾಣದಿರುವುದೂ ಒಂದಿದೆ. ಅರಸೀಕೆರೆ ಕೊಬ್ಬರಿಯ ಊರು. ಉಂಡೆ ಕೊಬ್ಬರಿಗೆ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಒಣಗಿಸಬೇಕು. ಆಮೇಲೆ ಸಿಪ್ಪೆ ಸುಲಿದು, ಕರಟ ಒಡೆದು, ಗಿಟುಕು ಹಸನು ಮಾಡಿ ಎಪಿಎಂಸಿಗೆ ಸಾಗಿಸಬೇಕು. ಸುಲಿಯಲು, ಹರಡಲು, ಸಿಪ್ಪೆ ಕರಟಗಳ ಗುಡ್ಡೆ ಹಾಕಲು ಜಾಗ ಬೇಕೇ ಬೇಕು. ಲಾರಿ ಬಂದು ಎತ್ತಿಕೊಂಡು ಹೋಗುವವರೆಗೆ ಆ ಗುಡ್ಡೆ ಕೂರುವುದು ಪಕ್ಕದ ಖಾಲಿ ಸೈಟಿನಲ್ಲೇ. ಕಾಗದದಲ್ಲಿ ಏನೂ ನಡೆಯದ ಆ ಸೈಟು ಕೊಬ್ಬರಿ ವ್ಯಾಪಾರದ ಹಿಂದಿನ ಕೋಣೆ. ಖಾಲಿ ಎಂದು ಲೆಕ್ಕ ಹಾಕುವವರು ಈ ಆಸರೆಯನ್ನು ಎಣಿಸುವುದಿಲ್ಲ.

ಎರಡನೇ ನೋಟ: ಹಾಗೇ ಬಿಡಿ

ಸೊಲಾ-ಮೊರಾಲೆಸ್ ಅವರ ಆತಂಕ ಇದಕ್ಕೆ ತೀರ ವಿರುದ್ಧದ್ದು. ವಾಸ್ತುಶಿಲ್ಪ ಕೈಯಿಟ್ಟ ಕೂಡಲೇ ಅಸ್ಪಷ್ಟವಾದದ್ದು ಸ್ಪಷ್ಟವಾಗುತ್ತದೆ, ಜತೆಗೆ ಅದರಲ್ಲಿದ್ದ ಸ್ವಾತಂತ್ರ್ಯವೂ ಸಾಯುತ್ತದೆ ಎಂಬುದು ಅವರ ಮಾತು. ಫ್ರಾನ್ಸಿನ ತೋಟಗಾರ, ಲೇಖಕ ಜಿಲ್ ಕ್ಲೆಮಾಂ 2004ರಲ್ಲಿ ಇದಕ್ಕೆ ಜೀವಜಾಲದ ಆಯಾಮ ಸೇರಿಸಿದರು. ರಸ್ತೆಯಂಚು, ಹಳಿಬದಿ, ಬೀಳು ಹೊಲಗಳಂತೆ ಯಾರೂ ಯೋಜಿಸದ ಚೂರುಗಳಲ್ಲೇ ಸಸ್ಯ, ಕೀಟ, ಹಕ್ಕಿಗಳ ವೈವಿಧ್ಯ ಉಳಿಯುತ್ತದೆ ಎಂದು ತೋರಿಸಿ, ಅದನ್ನು ಮೂರನೇ ಭೂದೃಶ್ಯ ಎಂದು ಕರೆದರು. ಬರ್ಲಿನ್ನಿನಲ್ಲಿ 2008ರಲ್ಲಿ ಮುಚ್ಚಿದ ಟೆಂಪಲ್‌ಹಾಫ್ ವಿಮಾನ ನಿಲ್ದಾಣದ ವಿಶಾಲ ಬಯಲನ್ನು 2010ರಲ್ಲಿ ಜನರಿಗೆ ತೆರೆದರು. ಅಂಚಿನಲ್ಲಿ ಮನೆ ಕಟ್ಟುವ ಯೋಜನೆ ಬಂದಾಗ 2014ರ ಜನಮತಗಣನೆಯಲ್ಲಿ ನಗರದ ಜನ ಕಟ್ಟಬೇಡಿ ಎಂದು ತೀರ್ಪಿತ್ತರು.

ಈ ನೋಟದ ಅತ್ಯುತ್ತಮ ಉದಾಹರಣೆ ಫ್ರಾನ್ಸಿನ ಬೋರ್ಡೋ ನಗರದ ಒಂದು ಪುಟ್ಟ ಚೌಕ. 1996ರಲ್ಲಿ ಅದನ್ನು ಚೆಂದಗೊಳಿಸಿ ಎಂದು ಲಕಾತೋನ್ ಮತ್ತು ವಸಾಲ್ ಎಂಬ ವಾಸ್ತುಶಿಲ್ಪಿಗಳಿಗೆ ಕೆಲಸ ವಹಿಸಿದರು. ಅವರು ಅಲ್ಲಿ ಹೊತ್ತು ಕಳೆದರು, ನಿವಾಸಿಗಳನ್ನು ಮಾತನಾಡಿಸಿದರು. ಮರಗಳಿವೆ, ಬೆಂಚುಗಳಿವೆ, ಮುದುಕರು ಗುಂಡಾಟ ಆಡುತ್ತಾರೆ, ಚೌಕ ಚೆನ್ನಾಗಿಯೇ ಇದೆ. ಜಲ್ಲಿ ಬದಲಿಸಿ, ಹೆಚ್ಚು ಸಲ ಗುಡಿಸಿ, ಮರಗಳನ್ನು ನೋಡಿಕೊಳ್ಳಿ, ಬೇರೇನೂ ಬೇಡ ಎಂದು ವರದಿ ಕೊಟ್ಟರು. ಇದೇ ಜೋಡಿಗೆ 2021ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು.

ನಮ್ಮಲ್ಲಿ ಈ ನೋಟಕ್ಕೆ ಒರೆಗಲ್ಲು ಹಳೇಬೀಡು. ದೋರಸಮುದ್ರ ಎಂಬ ಹೆಸರಿನಲ್ಲಿ ಹೊಯ್ಸಳರ ರಾಜಧಾನಿಯಾಗಿದ್ದ ಊರು 1311ರ ಮಲಿಕ್ ಕಾಫೂರನ ದಾಳಿ, 1320ರ ದಶಕದ ತುಘಲಕ್ ದಾಳಿಗಳ ಬಳಿಕ ಬರಿದಾಯಿತು. ಬೀಡು ಹಳೆಯದಾಗಿ ಹಳೇಬೀಡಾಯಿತು. ಕೋಟೆಯ ಸಾಲು, ಅರಮನೆ ಇತ್ತೆನ್ನುವ ಬೆಣ್ಣೆಗುಡ್ಡ, ಹುಲಿಕೆರೆಯ ಕಲ್ಯಾಣಿ, ಬಸದಿಹಳ್ಳಿಯ ಬಸದಿಗಳು, ಅವುಗಳ ನಡುವೆ ಹೊಲ, ತೆಂಗು, ಮೇವಿನ ನೆಲ. ಏಳು ಶತಮಾನ ಈ ನೆಲವನ್ನು ಯಾವ ವಾಸ್ತುಶಿಲ್ಪಿಯೂ ಕಾಯಲಿಲ್ಲ, ಉಳುವವರು ಕಾಯ್ದರು. ರಾಜಧಾನಿಯ ಅವಶೇಷ ಮಣ್ಣಿನಡಿ ಉಳಿದದ್ದಕ್ಕೆ ಅದರ ಮೇಲೆ ದೊಡ್ಡ ಊರು ಏಳದೆ ಹೋದದ್ದೂ ಒಂದು ಕಾರಣ. 19ನೇ ಶತಮಾನದಲ್ಲಿ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ ಹೊಯ್ಸಳೇಶ್ವರ ಗುಡಿಯನ್ನು ಅಥೆನ್ಸಿನ ಪಾರ್ಥೆನಾನ್ ಜತೆಗಿಟ್ಟು ತೂಗಿದರು. ಅವರ ಕಣ್ಣು ಕಟ್ಟಡದ ಮೇಲಿತ್ತು. 2013ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಕ್ಯಾಥರೀನ್ ಕಾಸ್ಡಾರ್ಫ್ ಅಲ್ಲಿನ ಗುಡಿಗಳನ್ನು ರಾಜಧಾನಿಯ ಒಟ್ಟು ಸಂದರ್ಭದಲ್ಲಿಟ್ಟು ಓದಿದರು. ಹಾಗೆ ಓದಲು ಹೊರಟವರಿಗೆ ಗುಡಿಗಳ ನಡುವಿನ ಹೊಲವೂ ಪುಟವೇ.

ಆದರೂ ‘ಹಾಗೇ ಬಿಡಿ’ ಎಂಬುದು ಪೂರ್ತಿ ಉತ್ತರವಲ್ಲ. ಹಾಗೇ ಬಿಟ್ಟ ಜಾಗ ಬಹಳ ದಿನ ಹಾಗೇ ಉಳಿಯುವುದಿಲ್ಲ. ಬಲವಿದ್ದವರು ಮೊದಲು ಬೇಲಿ ಹಾಕುತ್ತಾರೆ.

ಮೂರನೇ ನೋಟ: ಅದು ಎಲ್ಲರ ನೆಲ

ಯಾರದೂ ಅಲ್ಲದ್ದನ್ನು ಎಲ್ಲರೂ ಹಾಳು ಮಾಡುತ್ತಾರೆ ಎಂದು 1968ರಲ್ಲಿ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ವಾದಿಸಿದರು. 1990ರಲ್ಲಿ ಎಲಿನಾರ್ ಆಸ್ಟ್ರಮ್ ಇದಕ್ಕೆ ಉತ್ತರ ಕೊಟ್ಟರು. ಹುಲ್ಲುಗಾವಲು, ನೀರು, ಮೀನುಗಾರಿಕೆಗಳನ್ನು ಸಮುದಾಯಗಳೇ ಕಟ್ಟಳೆ ಮಾಡಿಕೊಂಡು ಶತಮಾನಗಟ್ಟಲೆ ನಿಭಾಯಿಸಿದ ಉದಾಹರಣೆಗಳನ್ನು ದೇಶದೇಶಗಳಿಂದ ತಂದಿಟ್ಟರು. 2009ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ 1986ರಲ್ಲಿ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣಭೂಮಿಯ ಹಳ್ಳಿಗಳನ್ನು ಅಭ್ಯಸಿಸಿ ಎರಡು ಸತ್ಯ ತೋರಿಸಿದರು. ಒಂದು, ಬಡವರ ಬದುಕಿಗೆ ಸೌದೆ, ಮೇವು, ಸೊಪ್ಪು ಬರುವುದು ಹೆಚ್ಚಾಗಿ ಇಂತಹ ನೆಲದಿಂದಲೇ. ಎರಡು, 1950ರ ದಶಕದಿಂದ ಆಚೆಗೆ ಈ ನೆಲ ಸುಮಾರು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಕರಗಿಹೋಗಿತ್ತು.

ಕಾನೂನು ಈ ನೋಟದ ಬೆಂಬಲಕ್ಕೆ ಹಲವು ಸಲ ಬಂದಿದೆ. 1985ರಲ್ಲಿ ಕರ್ನಾಟಕ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ ಕಾಯ್ದೆ ಮಾಡಿತು. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಬಿ. ಎಸ್. ಮುದ್ದಪ್ಪ ಪ್ರಕರಣದಲ್ಲಿ ತಳ್ಳಿಹಾಕಿತು. 2011ರ ಜಗಪಾಲ್ ಸಿಂಗ್ ತೀರ್ಪು ಹಳ್ಳಿಗಳ ಸಾಮುದಾಯಿಕ ನೆಲದ ಒತ್ತುವರಿ ತೆರವುಗೊಳಿಸಲು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಬೆಂಗಳೂರಿನ ಸುತ್ತಲ ಗುಂಡುತೋಪುಗಳನ್ನು ಅಭ್ಯಸಿಸಿದ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ, ಹಳ್ಳಿ ನಗರವಾದಾಗ ತೋಪಿನ ಮರಗಳಿಗಿಂತ ಮೊದಲು ಅದನ್ನು ನೋಡಿಕೊಳ್ಳುತ್ತಿದ್ದ ಜನರ ನಂಟು ಕಡಿಯುವುದನ್ನು ದಾಖಲಿಸಿದ್ದಾರೆ. ವಾಸ್ತುಶಿಲ್ಪಿಗೆ ಇದರಿಂದ ಸಿಗುವ ತಿಳಿವಳಿಕೆ ದೊಡ್ಡದು. ಬಯಲನ್ನು ಬಯಲಾಗಿ ಉಳಿಸುವುದು ಅದರ ಆಕಾರವಲ್ಲ, ಅದರ ಹಿಂದಿನ ಕಟ್ಟಳೆ.

ನಾಲ್ಕನೇ ನೋಟ: ಕಾಲವೇ ಗೋಡೆ

ವಾಸ್ತುಶಿಲ್ಪಿ ರಾಹುಲ್ ಮೆಹ್ರೋತ್ರಾ ಭಾರತದ ನಗರಗಳಲ್ಲಿ ಎರಡು ನಗರಗಳನ್ನು ಕಾಣುತ್ತಾರೆ. ಒಂದು ಕಲ್ಲು ಕಾಂಕ್ರೀಟಿನ ನಿಂತ ನಗರ, ಇನ್ನೊಂದು ಸಂತೆ, ಮೆರವಣಿಗೆ, ಚಪ್ಪರಗಳ ಚಲಿಸುವ ನಗರ. 2013ರ ಕುಂಭಮೇಳವನ್ನು ಅಭ್ಯಸಿಸಿದ ಹಾರ್ವರ್ಡ್ ತಂಡದಲ್ಲಿದ್ದ ಅವರು, ನದಿಯ ಮರಳಿನ ಮೇಲೆ ಕೆಲವೇ ವಾರಗಳಿಗೆ ಎದ್ದು ಮಾಯವಾಗುವ ಊರಿನಿಂದ ಶಾಶ್ವತ ನಗರಗಳು ಕಲಿಯಬೇಕಾದದ್ದು ಬಹಳ ಇದೆ ಎಂದರು.

ಬೇಲೂರಿನಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಚೈತ್ರದಲ್ಲಿ ತೇರು. ತೇರುಬೀದಿ ಉಳಿದ ದಿನಗಳಲ್ಲಿ ಅಂಗಡಿ, ಆಟೋ, ಬಸ್ಸು, ಸಂಜೆಯ ಮಾತುಕತೆಯ ಬೀದಿ. ಆ ದಿನ ಮಾತ್ರ ಅದರ ಅಗಲಕ್ಕೆ ಅರ್ಥ ಬರುತ್ತದೆ. ಚಕ್ರ ತಿರುಗಲು, ಮಿಣಿ ಹಿಡಿದವರು ಸಾಲಾಗಿ ನಿಲ್ಲಲು, ಬಾಳೆಹಣ್ಣು ದವನ ಎಸೆಯುವ ಜನ ಎರಡೂ ಬದಿ ಒತ್ತಿಕೊಳ್ಳಲು ಎಷ್ಟು ಬೇಕೋ ಅಷ್ಟು ಜಾಗ ಬಿಡಬೇಕೆಂದು ಊರು ತಲೆಮಾರುಗಳಿಂದ ಒಪ್ಪಿಕೊಂಡಿದೆ. ವರ್ಷದಲ್ಲಿ ಒಂದೆರಡು ದಿನದ ಕೆಲಸಕ್ಕಾಗಿ ಉಳಿದೆಲ್ಲ ದಿನ ಬಿಟ್ಟ ಜಾಗ ಇದು. ಅದೇ ಜಾಗ ಉಳಿದ ದಿನಗಳಲ್ಲಿ ಊರಿಗೆ ಉಸಿರು ಕೊಡುತ್ತದೆ.

ಗುಡಿಯ ಒಳಗೂ ಇದೇ ಬುದ್ಧಿ ಕಾಣುತ್ತದೆ. ಚೆನ್ನಕೇಶವ, ಹೊಯ್ಸಳೇಶ್ವರ ಗುಡಿಗಳ ಗರ್ಭಗೃಹದ ಸುತ್ತ ಒಳಗಡೆ ಪ್ರದಕ್ಷಿಣಾ ಪಥವಿಲ್ಲ. ಆ ಕೆಲಸವನ್ನು ಹೊರಗಿನ ಜಗತಿ ಮಾಡುತ್ತದೆ. ಗುಡಿಯ ನಕ್ಷತ್ರದಂತಹ ಮೂಲೆಗಳನ್ನೇ ಅನುಸರಿಸಿ ಹರಿಯುವ ಆ ಕಟ್ಟೆಯ ಮೇಲೆ ಏನೂ ಇಲ್ಲ. ಏನೂ ಇಲ್ಲದ್ದರಿಂದಲೇ ಅಲ್ಲಿ ಭಕ್ತ ಸುತ್ತು ಬರುತ್ತಾನೆ, ವಿದ್ಯಾರ್ಥಿ ಶಿಲ್ಪ ನೋಡುತ್ತಾನೆ, ದಣಿದ ಅಜ್ಜಿ ಕೂತು ಸುಧಾರಿಸಿಕೊಳ್ಳುತ್ತಾಳೆ. ಅರಸೀಕೆರೆಯ ಶಿವಾಲಯದ ಮುಂದಿನ, ಸುಮಾರು 1220ರ ಕಾಲದ, ನಕ್ಷತ್ರಾಕಾರದ ತೆರೆದ ಮಂಟಪವೂ ಇದೇ ಬಗೆಯದು. ಮೇಲೆ ಸೂರು, ಸುತ್ತ ಕಂಬ, ನಡುವೆ ಯಾವ ಒಂದು ಬಳಕೆಗೂ ಕಟ್ಟಿಹಾಕದ ನೆಲ.

ಸ್ಮಾರಕದ ಸುತ್ತಲಿನ ನೂರು ಮೀಟರ್

ನಾಲ್ಕೂ ನೋಟಗಳು ಎದುರಾಬದುರಾಗುವುದು ಸ್ಮಾರಕಗಳ ಸುತ್ತ. 1958ರ ಪುರಾತನ ಸ್ಮಾರಕಗಳ ಕಾಯ್ದೆಯಡಿ 1992ರಲ್ಲಿ ಹೊರಟ ಅಧಿಸೂಚನೆ, ಅದಕ್ಕೆ ಶಾಸನದ ಬಲ ಕೊಟ್ಟ 2010ರ ತಿದ್ದುಪಡಿ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಗೊತ್ತುಮಾಡಿದವು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಈ ವಲಯಗಳ ತೂಕ ಇನ್ನೂ ಹೆಚ್ಚಿದೆ.

ಹೀಗೆ ಕಾನೂನೇ ಒಂದು ಬಗೆಯ ಖಾಲಿ ಜಾಗವನ್ನು ಹುಟ್ಟಿಸಿದೆ. ಗುಡಿ ಉಳಿಯಲು ಅದು ಬೇಕು, ಸಂಶಯವಿಲ್ಲ. ಗೋಪುರದ ಎದುರಿಗೇ ನಾಲ್ಕಂತಸ್ತಿನ ಲಾಡ್ಜ್ ಎದ್ದರೆ ನೋಡಲು ಉಳಿಯುವುದೇನು? ಆದರೆ ಆ ಗೆರೆಯೊಳಗೆ ಹಳೆಯ ಮನೆಗಳಿವೆ, ಮಗನ ಮದುವೆಗೆ ಒಂದು ಕೋಣೆ ಸೇರಿಸಬೇಕೆಂಬ ಕುಟುಂಬಗಳಿವೆ. ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಪರಂಪರೆಯ ಭಾರ ಎಲ್ಲರಿಗಿಂತ ಹೆಚ್ಚು ಬೀಳುವುದು ಅದರ ಹತ್ತಿರದ ನೆರೆಯವರ ಮೇಲೆ. ಇತ್ತ ಆವರಣದೊಳಗೆ ಹೊಯ್ಸಳೇಶ್ವರನ ಸುತ್ತ ಹಬ್ಬಿಸಿದ ಹುಲ್ಲುಹಾಸು ಕಣ್ಣಿಗೆ ತಂಪು, ನಿಜ. ಆದರೆ ಗುಡಿಯನ್ನು ಉದ್ಯಾನದ ನಡುವೆ ನಿಲ್ಲಿಸುವ ರೂಢಿ ಬ್ರಿಟಿಷರ ಕಾಲದ್ದು. ದೋರಸಮುದ್ರ ಕೆರೆಯಂಚಿನ ಈ ಜಾಗದಲ್ಲಿ ಒಂದು ಕಾಲಕ್ಕೆ ರಾಜಧಾನಿಯ ಬೀದಿ, ಅಂಗಡಿ, ಮನೆಗಳ ಸದ್ದಿತ್ತು ಎಂಬುದನ್ನು ಹುಲ್ಲು ಹೇಳುವುದಿಲ್ಲ.

ಬಯಲು ಎಲ್ಲರದೂ ಆಗಿತ್ತೆ?

ಈ ಪ್ರಶ್ನೆಯನ್ನು ಕೇಳದೆ ಬಯಲನ್ನು ಹೊಗಳುವುದು ಅನ್ಯಾಯ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಊರಿಗೂ ಹೊಲಗೇರಿಗೂ ನಡುವೆ ಬಿಟ್ಟ ಖಾಲಿ ನೆಲ ಸೌಂದರ್ಯಕ್ಕೆ ಬಿಟ್ಟದ್ದಲ್ಲ, ಜಾತಿಯ ಗಡಿಯಾಗಿ ಬಿಟ್ಟದ್ದು. ಗೋಡೆ ಮಾಡುವ ಕೆಲಸವನ್ನು ಅಲ್ಲಿ ಬಯಲು ಮಾಡಿತು. ಬೇಲೂರು, ಮೇಲುಕೋಟೆಗಳಲ್ಲಿ ತಿರುಕುಲದವರೆಂದು ಕರೆಸಿಕೊಂಡ ದಲಿತರಿಗೆ ವರ್ಷದ ಗೊತ್ತಾದ ದಿನಗಳಲ್ಲಿ ಗುಡಿಯ ಪ್ರವೇಶವಿತ್ತು ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಉಳಿದ ದಿನಗಳಲ್ಲಿ ಇರಲಿಲ್ಲ ಎಂಬುದೂ ಅದೇ ಮಾತಿನೊಳಗಿದೆ. ಕಾಲವೇ ಗೋಡೆಯಾದರೆ ಆ ಗೋಡೆ ಯಾರನ್ನು ಹೊರಗಿಟ್ಟಿತು ಎಂದೂ ಕೇಳಬೇಕು.

ಬಯಲಿಗೆ ಹೋಗುವುದು ಎಂಬ ಮಾತಿಗೆ ಹೆಣ್ಣುಮಕ್ಕಳ ಬಾಯಲ್ಲಿ ಇನ್ನೊಂದು ಅರ್ಥವಿತ್ತು. ಕತ್ತಲಾಗಲೆಂದು ಕಾಯುವ, ಬೆಳಗಾಗುವ ಮುನ್ನ ಹೋಗಿಬರುವ ಸಂಕಟ ಅದು. ಮನೆಮನೆಗೆ ಶೌಚಾಲಯ ಬಂದದ್ದು ಅವರ ಪಾಲಿಗೆ ಆ ಬಯಲಿನಿಂದ ಸಿಕ್ಕ ಬಿಡುಗಡೆ. ಹೀಗಾಗಿ ಗೆರೆ ಎಳೆಯದಿರುವುದೇ ಸ್ವಾತಂತ್ರ್ಯ ಎಂಬ ಮಾತನ್ನು ಯಾರ ಸ್ವಾತಂತ್ರ್ಯ ಎಂದು ಕೇಳಿಯೇ ಒಪ್ಪಬೇಕು.

ಹಾಗೆಂದು ಗೆರೆ ಎಳೆದು ಹೆಸರಿಟ್ಟ ಮಾತ್ರಕ್ಕೂ ಎಲ್ಲ ಸರಿಹೋಗುವುದಿಲ್ಲ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರವಾದ ಮೇಲೆ ಬರಿದಾದ ಜಾಗ ಮ್ಯಾಥ್ಯೂ ಮತ್ತು ಘೋಷ್ ಅವರ ವಿನ್ಯಾಸದಲ್ಲಿ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಕಾವಲು ಗೋಪುರ, ಬ್ಯಾರಕ್ಕಿನ ಗುರುತುಗಳನ್ನು ಉಳಿಸಿಕೊಂಡ ಒಳ್ಳೆಯ ಕೆಲಸವದು. ಅಲ್ಲಿ ಪ್ರತಿಭಟನೆಗೆಂದೇ ಜಾಗ ಬಿಟ್ಟರು. ಈಗ ನಗರದಲ್ಲಿ ಪ್ರತಿಭಟನೆ ಅಲ್ಲಿ ಮಾತ್ರ ನಡೆಯಬೇಕೆಂಬ ಕಟ್ಟುಪಾಡಿದೆ. ಒಂದು ಜಾಗಕ್ಕೆ ಒಂದು ಬಳಕೆಯ ಹೆಸರಿಟ್ಟ ಮೇಲೆ ಊರಿನ ಉಳಿದ ಜಾಗಗಳಿಂದ ಆ ಬಳಕೆ ಹೊರಬೀಳಬಹುದು ಎಂಬುದಕ್ಕೆ ಇದು ಸಾಕ್ಷಿ.

ಪಾಠಗಳು

ಇಷ್ಟನ್ನೂ ಒಟ್ಟಿಗಿಟ್ಟು ನೋಡಿದರೆ ವಾಸ್ತುಶಿಲ್ಪಿಗೆ ಮೂರು ಪಾಠಗಳು ಸಿಗುತ್ತವೆ. ಮೊದಲನೆಯದು, ನೆಲವನ್ನು ಒಂದು ದಿನದ ಸರ್ವೆಯಲ್ಲಿ ಅಳೆಯಲು ಬರುವುದಿಲ್ಲ. ಕಣ ಸುಗ್ಗಿಯಲ್ಲಿ, ತೇರುಬೀದಿ ಚೈತ್ರದಲ್ಲಿ, ಕೆರೆಯಂಗಳ ಬೇಸಿಗೆಯಲ್ಲಿ ತನ್ನ ಗುಣ ತೋರಿಸುತ್ತದೆ. ಜೂನ್ ತಿಂಗಳ ಒಂದು ಮಧ್ಯಾಹ್ನ ಡ್ರೋನ್ ಹಾರಿಸಿ ತೆಗೆದ ಚಿತ್ರದಲ್ಲಿ ಮೂರೂ ಖಾಲಿಯಾಗಿಯೇ ಕಾಣುತ್ತವೆ.

ಎರಡನೆಯದು, ಬಹಳ ಸಲ ಬೇಕಾಗುವುದು ಕಟ್ಟಡವಲ್ಲ, ಅಂಚು. ಒಂದು ಕಟ್ಟೆ, ಎರಡು ನೆರಳಿನ ಮರ, ರಾತ್ರಿಗೆ ದೀಪ, ನೀರು ಹರಿದುಹೋಗುವ ದಾರಿ, ಹೆಣ್ಣುಮಕ್ಕಳಿಗೆ ಶೌಚಾಲಯ ಇಷ್ಟಿದ್ದರೆ ನಡುವಿನ ಬಯಲು ತನ್ನನ್ನು ತಾನೇ ತುಂಬಿಕೊಳ್ಳುತ್ತದೆ. ಅಂಚು ಗಟ್ಟಿಯಿದ್ದರೆ ಒತ್ತುವರಿಯೂ ಕಷ್ಟ.

ಮೂರನೆಯದು, ಜಾಗದ ಜತೆಗೆ ಅದರ ಕಟ್ಟಳೆಯನ್ನೂ ವಿನ್ಯಾಸ ಮಾಡಬೇಕು. ಯಾರು ಗುಡಿಸುತ್ತಾರೆ, ಸುಗ್ಗಿಯಲ್ಲಿ ಯಾರಿಗೆ, ಸಂತೆಯ ದಿನ ಯಾರಿಗೆ, ಮಕ್ಕಳ ಆಟಕ್ಕೆ ಯಾವ ಹೊತ್ತು, ತಕರಾರು ಬಂದರೆ ಯಾರ ಮಾತು ಎಂಬುದೂ ನಕ್ಷೆಯ ಭಾಗ. ಇದನ್ನು ಬರೆಯದ ನಕ್ಷೆ ಅರ್ಧ ನಕ್ಷೆ.

ಇನ್ನೂ ತೀರದ ಪ್ರಶ್ನೆಗಳು

ಕೆಲವು ಗಂಟುಗಳನ್ನು ಯಾವ ನೋಟವೂ ಬಿಡಿಸಿಲ್ಲ. ಮನೆಯಿಲ್ಲದವರಿಗೆ ಸೂರು ಕೊಡಲು ಊರಿನ ಬಯಲನ್ನು ಬಳಸಬೇಕಾಗಿ ಬಂದರೆ ಯಾವ ನ್ಯಾಯ ಹೆಚ್ಚು? ಗೋಮಾಳದಲ್ಲಿ ಸೈಟು ಪಡೆದ ಭೂಹೀನ ಕುಟುಂಬದ ಎದುರು ನಿಂತು ಬಯಲಿನ ಮಹತ್ವ ಹೇಳುವುದು ಸುಲಭವಲ್ಲ. ಬಳಕೆಯನ್ನು ದಾಖಲಿಸಿದ ಕೂಡಲೇ ಅದು ಹಕ್ಕಾಗುತ್ತದೆ, ಹಕ್ಕಾದ ಕೂಡಲೇ ಜಗಳವಾಗುತ್ತದೆ. ಹಾಗಾದರೆ ಅಸ್ಪಷ್ಟವಾಗಿದ್ದುದರಿಂದಲೇ ಬಾಳಿದ ಜಾಗವನ್ನು ಕಾನೂನಿನ ಭಾಷೆಯಲ್ಲಿ ಕಾಪಾಡುವುದು ಹೇಗೆ? ಸ್ಮಾರಕದ ನೆರೆಯವರು ಬಿಟ್ಟುಕೊಟ್ಟ ಜಾಗಕ್ಕೆ ನಾಡು ಅವರಿಗೆ ಏನು ಕೊಡಬೇಕು? ಹಳೇಬೀಡಿನ ಮಣ್ಣಿನಡಿಯ ರಾಜಧಾನಿಯನ್ನು ಅಗೆದು ತೋರಿಸುವುದು ಸರಿಯೆ, ಉಳುವ ಹೊಲವಾಗಿ ಕಾಯುವುದು ಸರಿಯೆ? ಇವಕ್ಕೆ ಉತ್ತರ ಒಂದೊಂದು ಊರಿನಲ್ಲೂ ಬೇರೆ ಬೇರೆಯೇ ಆಗಬಹುದು.

ಉತ್ತರ ಸಿಗುವವರೆಗೆ ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೆ ಕೋಟಿಗಟ್ಟಲೆ ಹಣ ಬೇಡ. ಯಾವುದೇ ಖಾಲಿ ಜಾಗಕ್ಕೆ ಟೆಂಡರ್ ಕರೆಯುವ ಮುನ್ನ ಪುರಸಭೆ, ಪಂಚಾಯಿತಿಗಳು ಒಂದು ವರ್ಷದ ದಿನಚರಿ ಬರೆಸಲಿ. ಹತ್ತಿರದ ವಾಸ್ತುಶಿಲ್ಪ ಕಾಲೇಜಿನ ವಿದ್ಯಾರ್ಥಿಗಳು ಯುಗಾದಿಯಿಂದ ಯುಗಾದಿವರೆಗೆ ಆ ನೆಲದ ಮೇಲೆ ಯಾರು ಬಂದರು, ಏನು ಹರಡಿದರು, ಯಾವ ಹಕ್ಕಿ ಕೂತಿತು, ನೀರು ಎಲ್ಲಿ ನಿಂತಿತು, ಯಾರು ಬರಲಾಗಲಿಲ್ಲ ಎಂದು ಬರೆದಿಡಲಿ. ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಿದ ಮೇಲೆ ಕಟ್ಟುವ ಮಾತು ಬರಲಿ. ನಿಮ್ಮೂರಿನ ಪಹಣಿಯಲ್ಲೂ ಖರಾಬು ಎಂಬ ಪದ ಇದ್ದೇ ಇರುತ್ತದೆ. ಒಮ್ಮೆ ಆ ನೆಲದ ಬಳಿ ಹೋಗಿ, ಅಲ್ಲಿನ ಹಿರಿಯರನ್ನು ಅದರ ಹಳೆಯ ಹೆಸರೇನೆಂದು ಕೇಳಿ, ಬರೆದಿಟ್ಟುಕೊಳ್ಳಿ.